ಹುಲ್ಲು ಮೇಷ್ಟ್ರ ಮಗಳ ಸೆಮಿಫೈನಲ್

ಟೆನಿಸ್ ಕ್ಲಬ್ಬಿನ ಆಫೀಸಿಗೆ ಗುಮಾಸ್ತನಾಗಿ ಸೇರಿದ ಮೊದಲ ದಿನವೇ ನಾನು ಒಬ್ಬರ ಪ್ರಾಣ ಉಳಿಸಿದೆ. ಅದರ ಅಗತ್ಯ ಅವರಿಗೆ ಇರಲಿಲ್ಲ ಎನ್ನುವುದು ಆಮೇಲೆ ತಿಳಿಯಿತು.

ಬೆಳಿಗ್ಗೆ ಆರೂಮುಕ್ಕಾಲು. ಒಂಬತ್ತಕ್ಕೆ ಬಾ ಎಂದಿದ್ದರೂ ಹುಮ್ಮಸ್ಸಿನಲ್ಲಿ ಎರಡು ಗಂಟೆ ಮೊದಲೇ ಬಂದು ನಿಂತಿದ್ದೆ. ಆ ಹುಮ್ಮಸ್ಸು ಒಟ್ಟು ನಾಲ್ಕು ದಿನ ಬಾಳಿತು. ಬೇಲಿಯ ಆಚೆ, ಮೂರನೇ ಕೋರ್ಟಿನ ನಟ್ಟನಡುವೆ ಒಬ್ಬಾತ ಬೋರಲು ಬಿದ್ದಿದ್ದ. ಕೆನ್ನೆ ಹುಲ್ಲಿಗೆ ಅಂಟಿತ್ತು, ಒಂದು ಕೈ ಮುಂದಕ್ಕೆ ಚಾಚಿತ್ತು, ಚಪ್ಪಲಿಗಳನ್ನು ಗೇಟಿನ ಪಕ್ಕ ಒಪ್ಪವಾಗಿ ಜೋಡಿಸಿಟ್ಟಿತ್ತು. ಎದೆನೋವಿನಿಂದ ಕುಸಿಯುವವನು ಮೊದಲು ಚಪ್ಪಲಿ ಜೋಡಿಸಿಟ್ಟು ಆಮೇಲೆ ಕುಸಿಯುತ್ತಾನೆಯೇ ಎಂದು ಯೋಚಿಸಬೇಕಿತ್ತು. ತಲೆ ಓಡಲಿಲ್ಲ, ಕಾಲು ಓಡಿತು. ಸಂದರ್ಶನಕ್ಕೆಂದೇ ಕೊಂಡಿದ್ದ ಎತ್ತರ ಹಿಮ್ಮಡಿಯ ಬೂಟಿನಲ್ಲಿ, ಇಬ್ಬನಿಗೆ ನೆನೆದ ಹುಲ್ಲಿನ ಮೇಲೆ, "ಯಾರಾದ್ರೂ ಬನ್ರೋ" ಎಂದು ಬೊಬ್ಬೆ ಹೊಡೆಯುತ್ತಾ ಹೋಗಿ, ಎಲ್ಲೋ ವಿಡಿಯೋದಲ್ಲಿ ನೋಡಿದ್ದಂತೆ ಎರಡೂ ಅಂಗೈ ಸೇರಿಸಿ ಬೆನ್ನ ಮೇಲೆ ಬಲವಾಗಿ ಒತ್ತಿದೆ. ಎದೆಗೆ ಒತ್ತಬೇಕಂತೆ. ಎದೆ ಕೆಳಗಿತ್ತು, ನಾನೇನು ಮಾಡಲಿ.

ಮೂರನೇ ಒತ್ತಿಗೆ ಹೆಣ ಒಂದು ಕಣ್ಣು ತೆರೆಯಿತು.

"ಇಳಿ."

"ಅಣ್ಣ, ಉಸಿರಾಡ್ತಿದ್ದೀರಾ?"

"ಮೊದ್ಲು ನನ್ ಮೇಲಿಂದ ಇಳಿ. ಆಮೇಲೆ ಹುಲ್ಲಿಂದ ಇಳಿ. ಬಂದ ಹೆಜ್ಜೆ ಮೇಲೇ ಹೆಜ್ಜೆ ಇಟ್ಟು ಹೋಗು. ಹೊಸ ತೂತು ಮಾಡ್ಬೇಡ."

ತಿರುಗಿ ನೋಡಿದರೆ ಗೇಟಿನಿಂದ ಅಲ್ಲಿಯವರೆಗೆ ನನ್ನ ಹಿಮ್ಮಡಿ ಕೊರೆದ ಗುಳಿಗಳ ಸಾಲು. ಬೆಳಗಿನ ಓರೆ ಬಿಸಿಲಿನಲ್ಲಿ ಕೆನ್ನೆಯನ್ನು ನೆಲಕ್ಕಿಟ್ಟು ನೋಡಿದರೆ ಹುಲ್ಲು ಎಲ್ಲಿ ಉಬ್ಬಿದೆ, ಎಲ್ಲಿ ಕುಸಿದಿದೆ ಎನ್ನುವುದು ಕಾಣುತ್ತದಂತೆ. ಅವರು ದಿನವೂ ಆರು ಕೋರ್ಟಿನಲ್ಲಿ ಆರು ಸಲ ಹಾಗೆ ಮಲಗುತ್ತಾರಂತೆ. ಅವತ್ತು ಮಧ್ಯಾಹ್ನದವರೆಗೆ ನಾನು ಚಮಚದಲ್ಲಿ ಮಣ್ಣು ತುಂಬುತ್ತಾ ಇಪ್ಪತ್ತಮೂರು ಗುಳಿ ಮುಚ್ಚಿದೆ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅವರು ಎಣಿಸಿದರು. ಆಫೀಸಿನ ಕೆಲಸ ಮಾರನೇ ದಿನ ಶುರುವಾಯಿತು.

ಕ್ಲಬ್ಬಿನ ಮಕ್ಕಳು ಅವರನ್ನು ಹುಲ್ಲು ಮೇಷ್ಟ್ರು ಎನ್ನುತ್ತಿದ್ದರು. ಪಾಠ ಹೇಳುತ್ತಿದ್ದರೆಂದಲ್ಲ, ಬೈಯುತ್ತಿದ್ದರೆಂದು. ಐವತ್ತೆರಡು ವಯಸ್ಸು, ಪ್ಯಾಂಟಿನ ಮೊಣಕಾಲು ಎಷ್ಟು ಒಗೆದರೂ ಹಸಿರು, ಎಡಗೈ ಹೆಬ್ಬೆರಳಿಗೆ ಉಗುರಿಲ್ಲ. ಅದನ್ನು ನೆಲ ಸಮಮಾಡುವ ರೋಲರ್ ತಿಂದಿತ್ತು. ಇಪ್ಪತ್ತಾರು ವರ್ಷದ ಹಿಂದೆ ಕಾಂಪೌಂಡ್ ಗೋಡೆಗೆ ಬಣ್ಣ ಬಳಿಯಲು ಬಂದವರು ಅವರು. ಕೋರ್ಟಿನ ಗೆರೆ ಎಳೆಯುವವನು ಅವತ್ತು ಬಂದಿರಲಿಲ್ಲ. ಆಗಿನ ಕಾರ್ಯದರ್ಶಿ ಬೇಲಿಯ ಮೇಲಿಂದ ಬಗ್ಗಿ, "ಏಯ್, ನಿಂಗೆ ನೆಟ್ಟಗೆ ಒಂದು ಗೆರೆ ಎಳೆಯೋಕೆ ಬರತ್ತೇನಯ್ಯ?" ಎಂದು ಕೇಳಿದ್ದರು. ಇವರು ದಾರ ಕಟ್ಟದೆ, ಬರಿಗಣ್ಣಿನಲ್ಲಿ, ಈ ತುದಿಯಿಂದ ಆ ತುದಿಗೆ ಎಳೆದರು. ಆಮೇಲೆ ದಾರ ಹಿಡಿದು ನೋಡಿದರೆ ದಾರವೇ ಸೊಟ್ಟ ಎನ್ನುವಂತಿತ್ತು ಎಂದು ಕ್ಲಬ್ಬಿನ ಹಳಬರು ಈಗಲೂ ಹೇಳುತ್ತಾರೆ. ಗೋಡೆಯ ಬಣ್ಣ ಅರ್ಧಕ್ಕೆ ನಿಂತಿತು. ಮೇಷ್ಟ್ರು ಹುಲ್ಲಿಗೆ ಅಂಟಿಕೊಂಡರು.

ಅವರಿಗೆ ಆಟಗಾರರನ್ನು ಕಂಡರೆ ಆಗುತ್ತಿರಲಿಲ್ಲ. ಅದರಲ್ಲೂ ಮಕ್ಕಳೆಂದರೆ ಮೈಯೆಲ್ಲ ಉರಿ. "ಮೇಕೆ ಬಂದ್ವು," ಎನ್ನುತ್ತಿದ್ದರು, ಬೇಸಿಗೆ ಶಿಬಿರದ ಬಸ್ಸು ಗೇಟಿನೊಳಗೆ ತಿರುಗಿದ ಕೂಡಲೇ.

"ಮೇಷ್ಟ್ರೇ, ಮೇಕೆಯಾದ್ರೆ ಹುಲ್ಲು ತಿಂದು ಹೋಗತ್ತೆ. ಇವು ಬರೀ ಆಡ್ತವೆ," ಎಂದೆ ಒಮ್ಮೆ.

"ತಿಂದಿದ್ದು ಮತ್ತೆ ಬರತ್ತೆ ಕಣಯ್ಯ. ತುಳಿದಿದ್ದು ಬರಲ್ಲ."

ರೋಲರ್ ನಿಲ್ಲಿಸುವ ಶೆಡ್ಡಿನ ಹಿಂದೆ ಎರಡು ಕೋಣೆಯ ಮನೆ. ಹೆಂಡತಿ ಕ್ಲಬ್ಬಿನ ಟವೆಲ್ಲುಗಳನ್ನು ಒಗೆಯುತ್ತಿದ್ದರು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಮಧ್ಯಾಹ್ನ ಬುತ್ತಿಯನ್ನು ಅವರ ಜಗಲಿಯಲ್ಲೇ ಬಿಚ್ಚುತ್ತಿದ್ದೆ. ಒಬ್ಬಳೇ ಮಗಳು, ಹದಿನೈದು ತುಂಬಿತ್ತು. ಕುಳ್ಳಿ, ಮೀನಖಂಡ ಗಟ್ಟಿ, ಮಾತು ಕಡಿಮೆ. ಸದಸ್ಯರು ಎಸೆದ ಹಳೆಯ ರ‍್ಯಾಕೆಟ್ಟು, ನುಣುಪಾದ ಹಳೆಯ ಚೆಂಡು, ಶೆಡ್ಡಿನ ಹಿಂದಿನ ಗೋಡೆ, ಇವಿಷ್ಟೇ ಅವಳ ಶಿಕ್ಷಣ. ಅವಳ ಅಪ್ಪನೇ ಅವಳನ್ನು ಹುಲ್ಲಿಗೆ ಬಿಡುತ್ತಿರಲಿಲ್ಲ. ವರ್ಷಕ್ಕೊಮ್ಮೆ ಕೋರ್ಟು ಅಗೆದು ಹೊಸ ಬೀಜ ಬಿತ್ತುವ ಮುಂಚಿನ ವಾರ, ಹೇಗಿದ್ದರೂ ಸಾಯಲಿರುವ ಹುಲ್ಲಿನ ಮೇಲೆ, ಬರಿಗಾಲಲ್ಲಿ ಆಡಬಹುದಿತ್ತು. ಬೋಳು ಬಿದ್ದ, ಗುಳಿ ಬಿದ್ದ ನೆಲದಲ್ಲಿ ಚೆಂಡು ಎತ್ತ ಪುಟಿಯುತ್ತದೋ ದೇವರಿಗೇ ಗೊತ್ತು. ಅಂಥದ್ದನ್ನು ಹೊಡೆದು ಹೊಡೆದು, ಒಳ್ಳೆಯ ಹುಲ್ಲಿನಲ್ಲಿ ಚೆಂಡು ಬಂದರೆ ಅವಳಿಗೆ ನಿದ್ದೆಗಣ್ಣಲ್ಲೂ ಹೊಡೆಯಲು ಬರುತ್ತಿತ್ತು.

"ಮಗಳನ್ನಾದ್ರೂ ಸರಿಯಾದ ಕೋರ್ಟಲ್ಲಿ ಆಡೋಕೆ ಬಿಡ್ರಿ," ಎಂದು ಅಕ್ಕ ಹೇಳಿದರೆ, "ಅವಳ ಕಾಲು ಕಾಲಲ್ವಾ?" ಎಂದು ಕೇಳುತ್ತಿದ್ದರು.

"ನಿಮ್ಮನ್ನ ಹುಲ್ಲಿಗೇ ಕಟ್ಟಿಹಾಕ್ಬೇಕಿತ್ತು. ನಾನ್ಯಾಕೆ ಬಂದ್ನೋ ಮಧ್ಯದಲ್ಲಿ."

ವರ್ಷಕ್ಕೊಮ್ಮೆ ಹತ್ತು ದಿನ ಕ್ಲಬ್ಬಿನಲ್ಲಿ ಹದಿನಾರು ವರ್ಷದೊಳಗಿನವರ ಹುಲ್ಲುಕೋರ್ಟ್ ಟೂರ್ನಮೆಂಟ್ ನಡೆಯುತ್ತದೆ. ಆ ವರ್ಷ ಅದಕ್ಕೊಂದು ಹೊಸ ಬಾಲ ಸೇರಿತ್ತು. ಹುಡುಗಿಯರಲ್ಲಿ ಗೆದ್ದವಳಿಗೆ ದೊಡ್ಡದೊಂದು ತರಬೇತಿ ಕೇಂದ್ರದ ಹಾಸ್ಟೆಲಿನಲ್ಲಿ ಎರಡು ವರ್ಷ ಇರುವ ಸೀಟು. ಊಟ, ಓದು, ಕೋಚು, ಬೂಟು, ಎಲ್ಲ ಅವರದೇ. ಒಂದೇ ಸೀಟು. ಮೇಷ್ಟ್ರ ಮಗಳಿಗೆ ಮುಂದಿನ ವರ್ಷ ವಯಸ್ಸು ಮೀರುತ್ತಿತ್ತು. ಅವಳಿಗೆ ಈ ಸಲ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಅಮ್ಮನ ಜೊತೆ ಟವೆಲ್ಲು. ಅಕ್ಕ ಆಗಲೇ ಅವಳಿಗೊಂದು ಬಕೆಟ್ಟು ತೆಗೆದಿಟ್ಟಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಸೋಪು ನೀರಿಗೆ ಇಬ್ಬರು ಬೇಕಿತ್ತು.

ಕಾರ್ಯದರ್ಶಿಗಳು ದೊಡ್ಡ ಮನಸ್ಸು ಮಾಡಿ ಅವಳಿಗೆ ನೇರ ಪ್ರವೇಶ ಕೊಟ್ಟರು. ಕೊಟ್ಟಿದ್ದನ್ನು ಸಿಕ್ಕ ಸಿಕ್ಕವರ ಹತ್ತಿರ ಹೇಳಿಕೊಂಡು ತಿರುಗಿದರು.

ನನ್ನ ಕೆಲಸ ಮೈಕಿನಲ್ಲಿ ಹೆಸರು ಕೂಗುವುದು, ದೊಡ್ಡ ಹಲಗೆಯ ಮೇಲೆ ಫಲಿತಾಂಶ ಬರೆಯುವುದು. ಸೋತವರ ಹೆಸರಿನ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಹೊಡೆಯಬೇಕು. ನಾನು ಸ್ಕೇಲ್ ಇಟ್ಟು, ನೀಟಾಗಿ, ಎರಡೆರಡು ಸಲ ಹೊಡೆಯುತ್ತಿದ್ದೆ. ಎರಡನೇ ದಿನ ಹನ್ನೆರಡು ವರ್ಷದ ಒಬ್ಬಳು ಬಂದು ಪಕ್ಕದಲ್ಲಿ ನಿಂತು, "ಅಣ್ಣ, ಸ್ವಲ್ಪ ಮೆಲ್ಲಗೆ ಹೊಡೀರಿ, ನನ್ನ ಹೆಸರು," ಎಂದಳು. ಮೊದಲ ದಿನ ಮೇಷ್ಟ್ರ ಮಗಳು ಕೋರ್ಟಿಗಿಳಿದಾಗ ಅವಳಿಗೆ ಗೌರವ ತರೋಣವೆಂದು ನಾನು ಮೈಕಿನಲ್ಲಿ, "ಈಗ ಆಡಲು ಬರುತ್ತಿದ್ದಾರೆ, ನಮ್ಮ ಕ್ಲಬ್ಬಿನ ಮಾಲಿಯ ಮಗಳು!" ಎಂದು ಸಾರಿದ್ದೆ. ಚಪ್ಪಾಳೆ ಬೀಳುತ್ತದೆಂದು ಕಾದೆ. ಅವಳು ರ‍್ಯಾಕೆಟ್ ಹಿಡಿದು ಒಮ್ಮೆ ನನ್ನ ಕಡೆ ನೋಡಿದಳು. ಅಷ್ಟರಲ್ಲಿ ಬೇಲಿಯ ಹಿಂದಿನಿಂದ ಇಬ್ಬರು ಹುಡುಗರು "ಮ್ಯಾ…" ಎಂದರು. ಮೇಷ್ಟ್ರ ಮೇಕೆಗಳು ಸೇಡು ತೀರಿಸಿಕೊಳ್ಳಲು ವರ್ಷಗಟ್ಟಲೆ ಕಾದಿದ್ದವು. ಆಮೇಲೆ ಪ್ರತಿ ಆಟದಲ್ಲೂ ಅವಳು ಸರ್ವ್ ಮಾಡಲು ಚೆಂಡು ಮೇಲೆಸೆದಾಗಲೆಲ್ಲ ಎಲ್ಲಿಂದಲೋ "ಮ್ಯಾ" ಕೇಳುತ್ತಿತ್ತು. ಅವಳು ತಿರುಗಿಯೂ ನೋಡದೆ ಹೊಡೆಯುತ್ತಿದ್ದಳು.

ಮಕ್ಕಳ ಆಟ ಎಂದರೆ ಕಿಲಕಿಲ ನಗು ಎಂದು ತಿಳಿದಿದ್ದ ನನಗೆ ಆ ಹತ್ತು ದಿನದಲ್ಲಿ ಜ್ಞಾನೋದಯವಾಯಿತು. ಸೋತು ಬಂದ ಮಗನಿಗೆ ನೀರಿನ ಬಾಟಲಿ ಕೊಡದೆ ಕೈಯಲ್ಲೇ ಹಿಡಿದುಕೊಂಡ ಒಬ್ಬ ಅಪ್ಪ ಕೇಳುತ್ತಿದ್ದ:

"ಎಷ್ಟು ಡಬಲ್ ಫಾಲ್ಟು?"

"ಒಂಬತ್ತು, ಪಪ್ಪಾ."

"ಹನ್ನೊಂದು. ಸುಳ್ಳು ಬೇರೆ. ಈಗ ಹೇಳು, ಯಾವ್ಯಾವ ಗೇಮಲ್ಲಿ?"

ಒಬ್ಬ ತಾಯಿ ಮಗಳ ತಪ್ಪುಗಳನ್ನು ಎಣಿಸಲು ಗುಂಡಿ ಒತ್ತುವ ಸಣ್ಣ ಯಂತ್ರ ತಂದಿದ್ದರು. ಆಟದ ಮಧ್ಯೆ ಟಿಕ್ ಟಿಕ್ ಎನ್ನುವ ಅದರ ಸದ್ದಿಗೆ ಆ ಹುಡುಗಿಯ ಹೆಗಲು ಬೆಚ್ಚುತ್ತಿತ್ತು. ಒಬ್ಬರು ಅಜ್ಜ, ಬಿಳಿಮೀಸೆಯ ಸಾತ್ವಿಕ ಮುಖ, ಮೊಮ್ಮಗನ ಎದುರಾಳಿ ಜಾರಿ ಬಿದ್ದು ಮಂಡಿ ತರಚಿಕೊಂಡಾಗ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಇದೆಲ್ಲಕ್ಕಿಂತ ನನ್ನನ್ನು ದಂಗುಬಡಿಸಿದ್ದು ಇನ್ನೊಂದು ಪದ್ಧತಿ. ಫೈನಲ್ ಬಿಟ್ಟು ಉಳಿದ ಯಾವ ಆಟಕ್ಕೂ ಅಂಪೈರ್ ಇಲ್ಲ. ಚೆಂಡು ನಿನ್ನ ಕಡೆ ಬಿದ್ದರೆ ಅದು ಒಳಗೋ ಹೊರಗೋ ಎಂದು ನೀನೇ ಹೇಳಬೇಕು, ಎದುರಾಳಿ ನಂಬಬೇಕು. ಆರು ಕೋರ್ಟಿಗೆ ಸೇರಿ ಒಬ್ಬರು ಸುತ್ತುವ ಅಂಪೈರ್ ಇದ್ದರು, ಅವರಿಗೆ ಮಂಡಿನೋವು. ಕರೆದಾಗ ಅವರು ಕುಂಟುತ್ತಾ ಬರುವಷ್ಟರಲ್ಲಿ ಜಗಳವೇ ಹಳಸಿರುತ್ತಿತ್ತು. ಮಣ್ಣಿನ ಕೋರ್ಟಾದರೆ ಚೆಂಡಿನ ಗುರುತು ಉಳಿಯುತ್ತದೆ, ಬೆರಳಿಟ್ಟು ತೋರಿಸಬಹುದು. ಹುಲ್ಲು ಗುರುತು ಉಳಿಸುವುದಿಲ್ಲ. ಹಿಂದೆಲ್ಲ ಹುಲ್ಲಿಗೂ ಒಂದು ಸಾಕ್ಷಿ ಇತ್ತು. ಗೆರೆಗಳನ್ನು ಸುಣ್ಣದ ಪುಡಿಯಲ್ಲಿ ಹಾಕುತ್ತಿದ್ದರು. ಚೆಂಡು ಗೆರೆಗೆ ಬಿದ್ದರೆ ಪುಸ್ಸೆಂದು ಬಿಳಿ ಧೂಳು ಏಳುತ್ತಿತ್ತು, ಕುರುಡನಿಗೂ ಕಾಣುತ್ತಿತ್ತು.

ಆ ವರ್ಷ ಸುಣ್ಣ ಇರಲಿಲ್ಲ. ಅದನ್ನು ನಿಲ್ಲಿಸಿದ್ದು ಮೇಷ್ಟ್ರೇ. ಸುಣ್ಣ ಹುಲ್ಲಿನ ಬೇರು ಸುಡುತ್ತದೆ, ಗೆರೆಯ ಎರಡೂ ಪಕ್ಕ ಹಳದಿ ಬೀಳುತ್ತದೆ, ಬಿಳಿ ಬಣ್ಣ ತರಿಸಿಕೊಡಿ ಎಂದು ಮೂರು ವರ್ಷ ಗೋಗರೆದಿದ್ದರು. ಮೂರನೇ ವರ್ಷದ ಅರ್ಜಿ ಬರೆದವನು ನಾನು. "ಹಸಿರಿನ ಕೊರಳಿಗೆ ಬಿಗಿದ ಬಿಳಿಯ ಉರುಳು" ಎಂದೆಲ್ಲ ಬರೆದು, ಕಾರ್ಯದರ್ಶಿಗಳಿಂದ ಬೆನ್ನು ತಟ್ಟಿಸಿಕೊಂಡೆ. ಬಣ್ಣ ಬಂತು. ಗೆರೆಗಳು ಮಿರಮಿರ ಮಿಂಚಿದವು. ಚೆಂಡು ಬಿದ್ದರೆ ಏನೂ ಏಳುತ್ತಿರಲಿಲ್ಲ.

ಇಂಥ ವ್ಯವಸ್ಥೆಯಲ್ಲಿ ಹುಲುಸಾಗಿ ಬೆಳೆದವಳು ಒಬ್ಬಳಿದ್ದಳು. ಹಲ್ಲಿನ ಡಾಕ್ಟರಮ್ಮನ ಮಗಳು. ಉದ್ದನೆಯ ಜಡೆ, ಉದ್ದನೆಯ ಕೈ, ಚಂದದ ಆಟ. ಕಷ್ಟದ ಪಾಯಿಂಟು ಬಂತೆಂದರೆ ಸಾಕು, ಅವಳ ತೋರುಬೆರಳು ತಾನಾಗಿ ಮೇಲೇಳುತ್ತಿತ್ತು: "ಔಟ್!" ಉಳಿದ ಹುಡುಗಿಯರು ಅವಳಿಗೆ ಔಟಮ್ಮ ಎಂದು ಹೆಸರಿಟ್ಟಿದ್ದರು. ಕ್ವಾರ್ಟರ್ ಫೈನಲಿನಲ್ಲಿ ಅವಳ ಎದುರು ಆಡಿದವಳು ನನ್ನ ಮೇಜಿಗೆ ಬಂದು ಬಿಕ್ಕಿ ಬಿಕ್ಕಿ ಅತ್ತಳು. ಡಾಕ್ಟರಮ್ಮ ಹಿಂದೆಯೇ ಬಂದು ಅವಳ ತಲೆ ಸವರಿ, "ಅಳಬಾರದು ಮರೀ. ಸೋಲೋದೂ ಕಲೀಬೇಕು," ಎಂದು ಮೂವತ್ತೆರಡೂ ಹಲ್ಲು ತೋರಿಸಿದರು.

ಸೆಮಿಫೈನಲಿನಲ್ಲಿ ಔಟಮ್ಮನ ಎದುರು ಮೇಷ್ಟ್ರ ಮಗಳು ಬಂದಳು.

ಮೂರನೇ ಕೋರ್ಟು, ಬೆಳಿಗ್ಗೆ ಹತ್ತು ಗಂಟೆ. ಕಿತ್ತ ಹುಲ್ಲನ್ನು ಸೆಟ್ಟುಗಳ ಮಧ್ಯೆ ಸರಿಮಾಡಲು ಮೇಷ್ಟ್ರಿಗೆ ಕೋರ್ಟಿನ ಪಕ್ಕ ಕೂರುವ ಅಪ್ಪಣೆ ಇತ್ತು. ಮಣ್ಣಿನ ಬಕೆಟ್ಟು ಮುಂದಿಟ್ಟುಕೊಂಡು ಈ ಬದಿಯ ಉದ್ದಗೆರೆಯ ತುದಿಯಲ್ಲಿ ಮಣೆ ಹಾಕಿಕೊಂಡಿದ್ದರು. ನಾವೆಲ್ಲ ಬೇಲಿಯ ಹೊರಗೆ, ಅಲ್ಲಿಂದ ಗೆರೆ ಬರೀ ಒಂದು ಹೊಳಪು. ಅಕ್ಕ ಸೋಪಿನ ಕೈಯಲ್ಲೇ ಬಂದು ನಿಂತಿದ್ದರು. ಟೋಪಿ ಹಾಕಿದ ಹೆಂಗಸೊಬ್ಬರು ನೋಟ್‌ಬುಕ್ಕು ಹಿಡಿದು ಕೂತಿದ್ದರು. ಅವರೇ ಹಾಸ್ಟೆಲಿನ ಮುಖ್ಯ ಕೋಚು.

ಮೊದಲ ಸೆಟ್ಟು ಔಟಮ್ಮನಿಗೆ, ಎರಡನೆಯದು ನಮ್ಮವಳಿಗೆ. ಮೂರನೇ ಸೆಟ್ಟಿನ ಬದಲು ಹತ್ತು ಪಾಯಿಂಟಿನ ಟೈಬ್ರೇಕ್, ಎರಡು ಪಾಯಿಂಟಿನ ಅಂತರದಲ್ಲಿ ಮೊದಲು ಹತ್ತು ಮುಟ್ಟಿದವಳು ಗೆದ್ದಂತೆ. ಆ ಹೊತ್ತಿಗೆ ಔಟಮ್ಮ ಆಚೆ ಬದಿಯ ಗೆರೆಯಲ್ಲಿ ಮೂರು ಚೆಂಡುಗಳನ್ನು ನುಂಗಿದ್ದಳು. ಆ ಬದಿಯ ಬೇಲಿಗೆ ಒರಗಿದ್ದ "ಮ್ಯಾ" ಹುಡುಗರಿಗೇ ಅದು ಸಹಿಸದೆ, "ಏ, ಒಳಗೆ ಬಿತ್ತಲ್ಲೇ!" ಎಂದು ಕೂಗಿದ್ದರು. ಮಂಡಿನೋವಿನ ಅಂಪೈರ್ ಬಂದು, ನಾನು ನೋಡಿಲ್ಲ, ಅವಳ ಮಾತೇ ಮಾತು ಎಂದು ಹೋದರು. ನಮ್ಮವಳು ಮಾತ್ರ ಅನುಮಾನವಿದ್ದ ಚೆಂಡನ್ನೆಲ್ಲ ಒಳಗೆ ಎನ್ನುತ್ತಿದ್ದಳು. ಒಂದಂತೂ ಹೊರಗೆ ಬಿದ್ದದ್ದು ಬೇಲಿಯಾಚೆಯ ನನಗೇ ಕಂಡಿತ್ತು. ಅದನ್ನೂ ಒಳಗೆ ಎಂದಳು.

"ಪೆದ್ದು ಮುಂಡೇದು," ಎಂದು ಅಕ್ಕ ಹಲ್ಲು ಕಚ್ಚಿದರು. "ಅವರಪ್ಪನ ಹಾಗೇ."

ಒಂಬತ್ತು–ಎಂಟು, ಔಟಮ್ಮ ಮುಂದೆ. ಚೆಂಡು ಹದಿನೈದಿಪ್ಪತ್ತು ಸಲ ಅತ್ತಿತ್ತ ಹೋಯಿತು. ಔಟಮ್ಮ ಆಚೆ ಮೂಲೆಗೆ ಸರಿದಳು. ಈಚೆ ಬದಿ ಪೂರಾ ಖಾಲಿ. ನಮ್ಮವಳು ಮೊಣಕಾಲು ಮಡಿಸಿ, ಹುಲ್ಲನ್ನು ಸವರಿಕೊಂಡು ಹೋಗುವಂಥ ಒಂದು ಹೊಡೆತ ಹೊಡೆದಳು, ನೇರ ಉದ್ದಗೆರೆಯ ಗುಂಟ. ಚೆಂಡು ಮೇಷ್ಟ್ರ ಬಕೆಟ್ಟಿನ ಎದುರಿಗೇ, ಎರಡು ಮಾರು ದೂರದಲ್ಲಿ ಬಿದ್ದು, ಜಾರಿ ಬೇಲಿಗೆ ಬಡಿಯಿತು. ನಾವೆಲ್ಲ "ಹೋ" ಎಂದೆವು.

ಔಟಮ್ಮನ ಬೆರಳು ಮೇಲೆದ್ದಿತ್ತು.

"ಔಟ್!"

ಆಟ ಮುಗಿದೇಹೋಯಿತು. ನಮ್ಮವಳು ನೆಟ್ಟಿನ ಹತ್ತಿರ ಓಡಿ ಬಂದಳು. ಔಟಮ್ಮನ ಕಡೆ ಅಲ್ಲ, ಅವಳು ನೋಡಿದ್ದು ಅಪ್ಪನ ಕಡೆ. ಅಂಕ, ಒಳಗೆ, ಹೊರಗೆ ಬಿಟ್ಟರೆ ಅಷ್ಟು ದಿನದಲ್ಲಿ ಅವಳ ಬಾಯಿಂದ ಕೋರ್ಟಿನಲ್ಲಿ ಬಂದ ಮೊದಲ ಮಾತು ಅದು: "ಅಪ್ಪಾ?"

ಮೇಷ್ಟ್ರು ಬಗ್ಗಿ ಬಕೆಟ್ಟಿನ ಮಣ್ಣನ್ನು ಕೈಯಿಂದ ಕಲಸಿದರು. ತಲೆ ಎತ್ತಲಿಲ್ಲ.

ಅವಳು ಔಟಮ್ಮನ ಕೈ ಕುಲುಕಿ, ರ‍್ಯಾಕೆಟ್ಟನ್ನು ಚೀಲಕ್ಕೆ ಹಾಕಿ, ನನ್ನ ಮೇಜಿನ ಮುಂದೆ ನಿಂತು ಅಂಕ ಹೇಳಿದಳು. ನಿಯಮದ ಪ್ರಕಾರ ಸೋತವರೂ ಬಂದು ಹೇಳಬೇಕು. ಹಲಗೆಯ ಮೇಲಿನ ಅವಳ ಹೆಸರಿಗೆ ನಾನು ಕೆಂಪು ಗೆರೆ ಹೊಡೆಯುವವರೆಗೆ ಅಲ್ಲೇ ನಿಂತಿದ್ದಳು. ಸ್ಕೇಲ್ ಜಾರಿ ಗೆರೆ ಸೊಟ್ಟಗಾಯಿತು.

"ಸರಿಯಾಗಿ ಎಳೀರಿ ಅಣ್ಣ. ಅಪ್ಪ ನೋಡಿದ್ರೆ ಬೈತಾರೆ," ಎಂದಳು. ನಗಿಸಲು ಹೇಳಿದಳೋ ಚುಚ್ಚಲು ಹೇಳಿದಳೋ ಗೊತ್ತಾಗಲಿಲ್ಲ.

ಮಧ್ಯಾಹ್ನ ಜಗಲಿಯಲ್ಲಿ ಬುತ್ತಿ ಬಿಚ್ಚಲು ಹೋಗಿ ನಾನು ದೊಡ್ಡ ತಪ್ಪು ಮಾಡಿದೆ.

"ಸುಣ್ಣ ಇದ್ದಿದ್ರೆ ಧೂಳು ಏಳ್ತಿತ್ತು," ಅಕ್ಕ ಟವೆಲ್ಲನ್ನು ಕಲ್ಲಿಗೆ ಅಪ್ಪಳಿಸುತ್ತಾ ಹೇಳುತ್ತಿದ್ದರು. "ಎಲ್ರಿಗೂ ಕಾಣ್ತಿತ್ತು. ಆದ್ರೆ ಹುಲ್ಲಿನ ಬೇರು ಸುಡತ್ತಲ್ಲ! ಮಗಳ ಹೊಟ್ಟೆ ಸುಟ್ರೆ ಏನಂತೆ." ನನ್ನನ್ನು ಕಂಡು, "ಬಾರಪ್ಪ ಕವಿ. ಉರುಳು ಗಿರುಳು ಅಂತ ಬರೆದ್ಯಲ್ಲ. ಬಾ, ಊಟ ಮಾಡು," ಎಂದರು.

ಬಿಚ್ಚುತ್ತಿದ್ದ ಬುತ್ತಿಯನ್ನು ಮತ್ತೆ ಕಟ್ಟಿದೆ.

ಮಗಳು ಹೊಸ್ತಿಲ ಮೇಲೆ ಕೂತು ಬೂಟಿನ ಹುಲ್ಲು ಬಿಡಿಸುತ್ತಿದ್ದಳು. "ನೀನು ಅಲ್ಲೇ ಇದ್ದೆ ಅಪ್ಪ. ಅಷ್ಟು ಹತ್ರ. ನೋಡ್ಲಿಲ್ವಾ?"

"ನಾನು ಹುಲ್ಲು ನೋಡ್ತಿದ್ದೆ," ಎಂದರು ಮೇಷ್ಟ್ರು.

"ಅವಳಮ್ಮ ಕ್ಲಬ್ಬಿನ ಕಮಿಟೀಲಿ ಇದ್ದಾರೆ ಅಂತ ಹೆದರಿಕೆ ನಿಂಗೆ."

ಮೇಷ್ಟ್ರು ಎದ್ದು ಹೋಗಿ ನೀರಿನ ಪೈಪು ಎಳೆದರು. ಅವಳು ಅವರ ಬೆನ್ನಿಗೆ ಹೇಳಿದಳು, ದನಿ ಏರಿಸದೆ: "ಎಲ್ರೂ ಹೇಳ್ತಿದ್ರು, ನಿಮ್ಮಪ್ಪನಿಗೆ ಹುಲ್ಲು ಬಿಟ್ರೆ ಏನೂ ಕಾಣಲ್ಲ ಅಂತ. ನಾನು ಜಗಳ ಆಡ್ತಿದ್ದೆ." ಆಮೇಲೆ ನಾಲ್ಕು ದಿನ ಅಪ್ಪನ ಜೊತೆ ಒಂದು ಮಾತೂ ಆಡಲಿಲ್ಲ. ಗಂಡನ ತಟ್ಟೆಯನ್ನು ಅಕ್ಕ ಶೆಡ್ಡಿನ ರೋಲರಿನ ಮೇಲೆ ಇಟ್ಟು ಬರುತ್ತಿದ್ದರು. ನನಗೂ ಮೇಷ್ಟ್ರ ಮೇಲೆ ರೇಗಿಹೋಗಿತ್ತು. ನಾನು ಕಾರ್ಯದರ್ಶಿಗಳು ಸೀನಿದರೂ ಎದ್ದು ನಿಲ್ಲುವ ಧೀರ. ಇನ್ನೊಬ್ಬರ ಪುಕ್ಕಲುತನವನ್ನು ಅಳೆಯಲು ನನಗಿಂತ ಅರ್ಹರು ಯಾರು?

ಫೈನಲನ್ನು ಔಟಮ್ಮ ಆರು–ಸೊನ್ನೆ, ಆರು–ಒಂದು ಅಂತರದಲ್ಲಿ ಗೆದ್ದಳು, ಈ ಸಲ ಅಂಪೈರ್ ಇದ್ದರು, ಬೆರಳೆತ್ತುವ ಪ್ರಸಂಗವೇ ಬರಲಿಲ್ಲ. ಕಪ್ಪು ತೆಗೆದುಕೊಂಡ ಮೇಲೆ ಡಾಕ್ಟರಮ್ಮ ಹಾಸ್ಟೆಲಿನ ಸೀಟು ಬೇಡವೆಂದರು. "ಅಲ್ಲಿ ಒಂದು ರೂಮಲ್ಲಿ ಆರು ಜನ ಅಂತೆ. ನಮ್ಮವಳಿಗೆ ನಿದ್ದೆ ಬರಲ್ಲ."

ಮಾರನೇ ದಿನ ಕೋಚ್ ಮೇಡಂ ಆಫೀಸಿಗೆ ಬಂದರು. ಟೋಪಿ ತೆಗೆದರೆ ತಲೆ ಪೂರಾ ನರೆತಿತ್ತು. ಕಾರ್ಯದರ್ಶಿಗಳಿಗೆ ನೇರವಾಗಿ ಹೇಳಿದರು:

"ನಂಗೆ ನಿಮ್ಮ ಮಾಲಿ ಮಗಳು ಬೇಕು. ಫೈನಲಲ್ಲಿ ಸೋತವಳು ಎರಡನೇ ಸೆಟ್ಟಲ್ಲಿ ನಿಂತಲ್ಲೇ ಅಳ್ತಿದ್ಲು. ಇವಳು ಅಳಲ್ಲ."

"ಧಾರಾಳವಾಗಿ ಕರ್ಕೊಂಡು ಹೋಗಿ ಮೇಡಂ. ನಾನೇ ಅವಳಿಗೆ ನೇರ ಪ್ರವೇಶ ಕೊಟ್ಟಿದ್ದು."

"ಹಾಗೆ ಬರಲ್ಲ. ಗೆದ್ದವಳು ಬೇಡ ಅಂದ್ರೆ ಸೀಟು ಎರಡನೆಯವಳಿಗೆ. ಸೆಮಿಯಲ್ಲಿ ಸೋತವಳಿಗೆ ಕೊಡಬೇಕಾದ್ರೆ ಆ ಆಟದ ಕೊನೇ ನಿರ್ಣಯ ತಪ್ಪಾಗಿತ್ತು ಅಂತ ಕ್ಲಬ್ಬು ಬರೆದು ಕೊಡಬೇಕು. ಹತ್ತಿರದಿಂದ ನೋಡಿದ ಒಬ್ಬರ ಸಹಿ ಬೇಕು. ಬೇಲಿ ಹೊರಗಿನವರದ್ದು ನಡೆಯಲ್ಲ. ಯಾರಿದ್ರು?"

ಇದ್ದವರು ಒಬ್ಬರೇ. ಡಾಕ್ಟರಮ್ಮ ಕಾರು ನಿಲ್ಲಿಸುವ ಜಾಗದ ವಿಚಾರಕ್ಕೆ ಕಾರ್ಯದರ್ಶಿಗಳ ಮುಖಕ್ಕೆ ಮಂಗಳಾರತಿ ಮಾಡಿ ಹದಿನೈದು ದಿನವೂ ಆಗಿರಲಿಲ್ಲ. ಅವರಿಗೆ ಒಳಗೊಳಗೇ ಖುಷಿ. "ಬರೆಯಯ್ಯ," ಎಂದರು ನನಗೆ. ನನಗಂತೂ ರೆಕ್ಕೆ ಬಂದಿತ್ತು. ನನ್ನ ಒಂದು ಅರ್ಜಿ ಹಾಳುಮಾಡಿದ್ದನ್ನು ಇನ್ನೊಂದು ಅರ್ಜಿ ಸರಿಪಡಿಸಲಿದೆ! ಈ ಸಲ ಹಸಿರು, ಕೊರಳು, ಉರುಳು ಯಾವುದೂ ಇಲ್ಲದೆ ಬರೆದೆ: "ಕೋರ್ಟಿನ ಪಕ್ಕದಲ್ಲೇ ಕುಳಿತಿದ್ದ ನಾನು ಕಣ್ಣಾರೆ ಕಂಡಂತೆ, ಕೊನೆಯ ಚೆಂಡು ಗೆರೆಯ ಮೇಲೆ ಬಿದ್ದಿತ್ತು." ಕೆಳಗೆ ಸಹಿಗೆ ಜಾಗ ಬಿಟ್ಟೆ. ಮೇಷ್ಟ್ರನ್ನು ಕರೆಯಲು ಹೋಗುವ ಮೊದಲೇ ಅಕ್ಕನಿಗೆ ಸುದ್ದಿ ಮುಟ್ಟಿಸಿದೆ. ನಾಲಗೆ ಬಿಗಿಹಿಡಿದು ಗೊತ್ತಿಲ್ಲ ನನಗೆ.

ಮೇಷ್ಟ್ರು ಕೈಕಾಲು ತೊಳೆದುಕೊಂಡು ಬಂದರು. ಆಫೀಸಿನೊಳಗೆ ಅವರು ಚಪ್ಪಲಿ ಹಾಕುತ್ತಿರಲಿಲ್ಲ, ಕುರ್ಚಿಯಲ್ಲೂ ಕೂರುತ್ತಿರಲಿಲ್ಲ. ಅವರ ಹಿಂದೆಯೇ ಮಗಳು ಬಂದು ಬಾಗಿಲಿಗೆ ಒರಗಿದಳು. ಕಿಟಕಿಯ ಹೊರಗೆ ಅಕ್ಕನ ಸೆರಗು ಕಾಣುತ್ತಿತ್ತು.

ನಾನು ಕಾಗದ ಓದಿದೆ. ಓದಿ ಮುಗಿದಾಗ ಹುಡುಗಿ ಅಪ್ಪನನ್ನು ನೋಡುತ್ತಿದ್ದಳು, ನಾಲ್ಕು ದಿನದ ಮೇಲೆ ಮೊದಲ ಸಲ.

"ಇಲ್ಲಿ," ಎಂದು ಪೆನ್ನು ಕೊಟ್ಟೆ.

ಅವರು ಪೆನ್ನು ತೆಗೆದುಕೊಂಡರು. ಕಾಗದವನ್ನು ಮೇಜಿನ ಅಂಚಿಗೆ ಸಮವಾಗಿ ಸರಿಸಿ ಬಗ್ಗಿದರು. ಉಗುರಿಲ್ಲದ ಹೆಬ್ಬೆರಳು ಸಹಿಯ ಜಾಗದ ಪಕ್ಕ ಒತ್ತಿ ನಿಂತಿತು. ಇನ್ನೇನು ಬರೆಯುತ್ತಾರೆ ಎನ್ನುವಷ್ಟರಲ್ಲಿ ಕೋಚ್ ಮೇಡಂ ಬಾಯಿ ತೆರೆದರು.

"ಒಂದು ನಿಮಿಷ. ಬೇಜಾರು ಮಾಡ್ಕೋಬೇಡಿ ಯಜಮಾನ್ರೇ, ಕೇಳೋದು ನನ್ನ ಕರ್ಮ. ನಾಳೆ ಆ ಡಾಕ್ಟರಮ್ಮ ತಗಾದೆ ತೆಗೆದ್ರೆ ನಾನು ಉತ್ತರ ಹೇಳ್ಬೇಕು."

"ಅದೇನು ಕೇಳೋದು ಮೇಡಂ, ಬರೆದಿದೆಯಲ್ಲ," ಎಂದರು ಕಾರ್ಯದರ್ಶಿಗಳು.

"ಬರೆದಿದ್ದು ಈ ಹುಡುಗ. ನಂಗೆ ಇವರ ಬಾಯಿಂದ ಬೇಕು." ಅವರು ಕುರ್ಚಿಯನ್ನು ಮೇಷ್ಟ್ರ ಕಡೆ ತಿರುಗಿಸಿದರು. "ನೀವು ಅಪ್ಪ. ನಿಮ್ಮ ಜಾಗದಲ್ಲಿ ನಾನಿದ್ರೂ ಸಹಿ ಹಾಕ್ತಿದ್ದೆ. ಆದ್ರೆ ಗೆರೆ ಎಳೆದವರೂ ನೀವೇ. ಅಪ್ಪ ಅನ್ನೋದನ್ನ ಪಕ್ಕಕ್ಕಿಟ್ಟು ಹೇಳಿ. ಬಾಲು ಎಲ್ಲಿ ಬಿತ್ತು?"

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು.

"ಹೊರಗೆ," ಎಂದರು. "ಅರ್ಧ ಇಂಚು."